ಕಳ್ಳ ವಾಪಸ್ ಕೊಟ್ಟ ಮೊಬೈಲು

ಬೈರಾಪಟ್ಟಣದ ನಮ್ಮ ಸೋದರಮಾವನ ಮೊಬೈಲನ್ನು ಕಳ್ಳನೊಬ್ಬ ಕದ್ದು, ಒಂದು ಸಲ ನೋಡಿ, ವಾಪಸ್ ಕೊಟ್ಟು ಹೋಗಿದ್ದಾನೆ. ನಂಬುವುದಿಲ್ಲವೇ? ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ! ನೂಕುನುಗ್ಗಲಿನಲ್ಲಿ ಮಾವನ ಜೇಬಿಗೆ ಕೈ ಹಾಕಿದವನು ಮೊಬೈಲನ್ನು ಹೊರಗೆಳೆದ, ಅದರ ಆಂಟೆನಾ ನೋಡಿದ, ಮಾವನ ಮುಖ ನೋಡಿದ, "ಯಜಮಾನ್ರೇ, ಬಿದ್ದೋಗಿತ್ತು, ತಗಳಿ" ಅಂತ ಕೈಗಿಟ್ಟು ಮಾಯವಾದ. ಬೇರೆ ಯಾರಾಗಿದ್ದರೂ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದರು. ನಮ್ಮ ಮಾವ ಎದೆಯುಬ್ಬಿಸಿ, "ನೋಡ್ದೇನ್ಲಾ? ಕಳ್ಳಂಗೂ ಇದ್ರ ಮ್ಯಾಲೆ ಭಯಭಕ್ತಿ ಐತೆ" ಅಂದ.

ಹಾಗಂತ ಅದು ಹುಟ್ಟಿನಿಂದ ಬಡಪಾಯಿ ಮೊಬೈಲಲ್ಲ. ಒಂದು ಕಾಲಕ್ಕೆ ಕಂಪನಿಯವರ ಪಟ್ಟದಾನೆ! ಕನಕಪುರದ ಕಡೆಯ ಕಲ್ಲು ಕ್ವಾರಿಯ ಸಾಹುಕಾರರೊಬ್ಬರು ಅದನ್ನು ಅಂಗಿ ಜೇಬಿನಿಂದ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಅವರು ಹೊಸದು ಕೊಂಡಾಗ ಹಳೆಯದು ಮಾವನ ಕೈಗೆ ಬಂತು. ಆಗಿನ್ನೂ ಊರಿನಲ್ಲಿ ಯಾರ ಹತ್ತಿರವೂ ಮೊಬೈಲಿರಲಿಲ್ಲ. ನೋಡಲು ಬಂದವರಿಗೆಲ್ಲ ಕಾಫಿ ಕಾಯಿಸಿ ಕಾಯಿಸಿ ಅತ್ತೆ ಸುಸ್ತಾಗಿದ್ದಳು. ತನ್ನ ಮಗನ ನಾಮಕರಣಕ್ಕೂ ಅಷ್ಟು ಜನ ಬಂದಿರಲಿಲ್ಲವಂತೆ.

ಆಮೇಲೆ ಕಾಲ ಬದಲಾಯಿತು. ಬಿಡದಿಯ ಸುತ್ತ ಫ್ಯಾಕ್ಟರಿಗಳು ಎದ್ದವು, ನನ್ನಂಥವರಿಗೂ ಕೆಲಸ ಸಿಕ್ಕಿತು, ಊರ ಹುಡುಗರ ಜೇಬಿಗೆಲ್ಲ ಬಣ್ಣದ ಪರದೆಯ, ಕ್ಯಾಮೆರಾದ, ಹಾಡು ಹೇಳುವ ಮೊಬೈಲುಗಳು ಬಂದವು. ಮಾವ ಮಾತ್ರ ಜಗ್ಗಲಿಲ್ಲ. ಮೊಬೈಲೂ ಜಗ್ಗಲಿಲ್ಲ! ಒಮ್ಮೆ ಕಾಲುವೆಗೆ ಬಿತ್ತು. ಎತ್ತಿ ತಂದು ರಾಗಿ ಮೂಟೆಯೊಳಗೆ ಹೂತಿಟ್ಟ. ಮಾರನೆಯ ದಿನ ಮೂಟೆಯೊಳಗಿಂದಲೇ ರಿಂಗಾಯಿತು, ಪಕ್ಕದ ಮನೆಯ ಅಜ್ಜಿ ರಾಗಿ ಮೂಟೆಗೆ ಅಡ್ಡ ಬಿದ್ದಳು. ಇನ್ನೊಮ್ಮೆ ಟ್ರಾಕ್ಟರಿನಿಂದ ಉರುಳಿ ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ ಆಯಿತು. ಎರಡನ್ನೂ ಕೂಡಿಸಿ, ಮಗುವಿಗೆ ಉಡಿದಾರ ಕಟ್ಟುವ ಹಾಗೆ ನಡುವಿಗೊಂದು ರಬ್ಬರ್ ಬ್ಯಾಂಡ್ ಹಾಕಿದ.

ಮತ್ತೊಂದು ವಿಚಿತ್ರ ಕೇಳಿ. ಎಲ್ಲಿದ್ದರೂ ದೀಪ ಹಚ್ಚುವ ಹೊತ್ತಿಗೆ ಮಾವ ಮನೆ ಸೇರಬೇಕು. ಇಸ್ಪೀಟಿನಲ್ಲಿ ಗೆಲ್ಲುತ್ತಿದ್ದರೂ ಎಲೆ ಕೆಳಗೆ ಹಾಕಿ ಎದ್ದುಬಿಡುತ್ತಿದ್ದ. ಯಾಕೆ ಅಂದರೆ, "ಮೊಬೈಲ್‌ಗೆ ಕತ್ಲಾದ್ರೆ ಆಗ್ಬರಲ್ಲ ಕಣ್ಲಾ" ಅನ್ನುತ್ತಿದ್ದ. ಮೊಬೈಲಿಗೆ ಇರುಳುಗಣ್ಣು! ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಫ್ಯಾಕ್ಟರಿಯ ಬೋನಸ್ಸಿನಲ್ಲಿ ನಾನೊಂದು ಹೊಸ ಟಚ್ ಮೊಬೈಲು ಕೊಂಡೆ. ಕೊಂಡವನಿಗೆ ಸುಮ್ಮನಿರಲು ಆಗುತ್ತದೆಯೇ? ನೇರ ಮಾವನ ಮನೆಗೆ ಹೋದೆ.

"ಮಾವ, ಚನ್ನಪಟ್ಟಣದ ಅಂಗಡೀಲಿ ಎಕ್ಸ್‌ಚೇಂಜ್ ಐತೆ. ಈ ತಗಡು ಕೊಟ್ಟು ಇಂಥದ್ದೊಂದು ತಗೊ. ಫೋಟೋ ತೆಗೀತೈತೆ."

"ನನ್ ಮೂತಿ ಏನ್ ಚೆಂದಾಗೈತೆ ಅಂತ ತಗೀಲಿ?"

"ಹಾಡು ಕೇಳ್ಬೋದು."

"ನಿಮ್ಮತ್ತೆ ಒಬ್ಬಳು ಹಾಡೋದೇ ಸಾಕಾಗೈತೆ."

"ಬೆರಳಲ್ಲಿ ಸವರಿದ್ರೆ ಸಾಕು ಮಾವ, ಒಂದು ಗುಂಡಿನೂ ಇಲ್ಲ!"

ಮಾವ ಒಮ್ಮೆ ಒಳಗಡೆ ಕಣ್ಣು ಹಾಯಿಸಿದ. "ಗುಂಡಿ ಇಲ್ದೋದ್ರೆ ಬ್ಯಾಡ ಬುಡು" ಅಂದ.

ನಾನು ಬಿಡಲಿಲ್ಲ. ಕೊನೆಗೆ ಪಂದ್ಯ ಕಟ್ಟಿದೆವು. ಮಾವನ ಮೊಬೈಲು ಬೇಕಾದ ಹೊತ್ತಿಗೆ ಒಂದೇ ಒಂದು ಸಲ ಕೈ ಕೊಟ್ಟರೂ ಅವತ್ತೇ ಅದು ಎಕ್ಸ್‌ಚೇಂಜಿಗೆ. ಮೊದಲು ನನ್ನದು ಕೈ ಕೊಟ್ಟರೆ ನಾನು ಇನ್ನು ಮಾವನ ಮೊಬೈಲಿನ ಸುದ್ದಿಗೆ ಹೋಗುವಂತಿಲ್ಲ.

ಆ ದಿನ ಬಹಳ ಬೇಗ ಬಂತು. ಕೆಂಗಲ್ ಹತ್ತಿರದ ಛತ್ರದಲ್ಲಿ ನಮ್ಮ ದೊಡ್ಡಮ್ಮನ ಮಗನ ಮದುವೆ. ಮಾವನ ಮನೆಯಲ್ಲಿ ರೇಷ್ಮೆ ಹುಳ ಕೊನೆಯ ಹಂತದಲ್ಲಿದ್ದವು. ಹುಳ ಹಣ್ಣಾದರೆ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಹೊಂಬಣ್ಣಕ್ಕೆ ತಿರುಗಿ ತಲೆಯೆತ್ತಿ ಆಡಿಸತೊಡಗಿದರೆ, ಕೂಡಲೇ ಒಂದೊಂದನ್ನೇ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದ ಮೇಲೆಯೇ ನೂಲು ಬಿಟ್ಟು ಇಡೀ ಬೆಳೆ ಹಾಳು. ಇನ್ನೂ ಎರಡು ದಿನ ಇದೆ ಎಂದು ಲೆಕ್ಕ ಹಾಕಿ, ಪಕ್ಕದ ಮನೆಯಾಕೆಗೆ ಕಾವಲು ಒಪ್ಪಿಸಿ, ಎಲ್ಲರೂ ಮದುವೆಗೆ ಬಂದಿದ್ದರು. "ಏನಾರ ಆದ್ರೆ ಮೊದ್ಲು ನಂಗೆ ಫೋನ್ ಮಾಡಿ, ನಂದು ಹೊಸ ಮೊಬೈಲು" ಅಂತ ನಾನೇ ಆಕೆಗೆ ಹೇಳಿ ಬಂದಿದ್ದೆ!

ಛತ್ರದಲ್ಲಿ ಬೆಳಗ್ಗೆಯಿಂದ ಕರೆಂಟಿಲ್ಲ. ಹುಡುಗರು ಮೊಬೈಲಿಂದ ಮೊಬೈಲಿಗೆ ಹಾಡು ದಾಟಿಸುವುದರಲ್ಲಿ ಮುಳುಗಿದ್ದರು. ನಾನು ವರನ ಕಾಲು ತೊಳೆಯುವುದರಿಂದ ಹಿಡಿದು ಅಡುಗೆ ಭಟ್ಟರು ಬೂಂದಿ ಕರಿಯುವ ತನಕ ವಿಡಿಯೋ ತೆಗೆದೆ. ಧಾರೆಯ ಹೊತ್ತಿಗೆ ನನ್ನ ಮೊಬೈಲು ಕಣ್ಣು ಮುಚ್ಚಿತು, ಹುಡುಗರವೂ ಒಂದೊಂದಾಗಿ ಮುಚ್ಚಿದವು. ಗಟ್ಟಿಮೇಳ, ಗಟ್ಟಿಮೇಳ ಎಂದು ಪುರೋಹಿತರು ಕೂಗಿದ್ದೇ ತಡ, ವಾಲಗವನ್ನೂ ಮೀರಿಸಿ ಮಾವನ ಜೇಬು ಬಡಿದುಕೊಳ್ಳತೊಡಗಿತು.

"ಯಾರ್ರೀ ಅದು!" ಪುರೋಹಿತರು ಗದರಿದರು.

ಮಾವ ಕೇಳಿಸಿಕೊಂಡರೆ ತಾನೇ? "ಆಂ? ಆಗ್ಲೇ ಹಣ್ಣಾದ್ವಾ? ಎಲ್ಲಾವೂವಾ? ಬಂದ್ವಿ, ಬಂದ್ವಿ!" ಎಂದು ಕಿರುಚಿ ನಮ್ಮತ್ತ ತಿರುಗಿದ. "ಬಿಸ್ಲಿಗೆ ಹುಳ ಹಣ್ಣಾಗ್ಬುಟ್ಟವೆ ಕಣ್ರಪ್ಪೋ!"

ನಮ್ಮ ಸೀಮೆಯಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ. ಕೊರಳಿಗೆ ತಾಳಿ ಬಿದ್ದ ಕೂಡಲೇ ಅಕ್ಷತೆ ಎರಚಿದ ಕೈಯಲ್ಲೇ ಅರ್ಧ ಮದುವೆ ಟೆಂಪೋ ಹತ್ತಿತು. ಹುಳದ ಮನೆಯ ಬಾಗಿಲಿಗೆ ಅತ್ತೆ ಅಡ್ಡ ನಿಂತಳು. "ಹೂವ ಮುಡ್ಕಂಡು, ಸೆಂಟ್ ಹಾಕ್ಕಂಡು ಯಾರೂ ಒಳೀಕೆ ಬರಂಗಿಲ್ಲ!" ಹುಳಕ್ಕೆ ಘಾಟು ಆಗುವುದಿಲ್ಲ. ಹೆಂಗಸರ ಮಲ್ಲಿಗೆಯೆಲ್ಲ ಕಾಂಪೌಂಡಿನ ಮೇಲೆ ರಾಶಿ ಬಿತ್ತು, ಗಂಡಸರು ತೊಟ್ಟಿಯಲ್ಲಿ ಕತ್ತು ತೊಳೆದರು. ರೇಷ್ಮೆ ಸೀರೆಯ ಹೆಂಗಸರು ಸೆರಗು ಸಿಕ್ಕಿಸಿ ರೇಷ್ಮೆ ಹುಳ ಆಯತೊಡಗಿದರು. ದೊಡ್ಡಮ್ಮ ಒಂದು ಹುಳವನ್ನು ಅಂಗೈಲಿ ಹಿಡಿದು, "ನೋಡ್ಕಳವ್ವ, ನಿಮ್ಮಜ್ಜಿ ಬಿಟ್ಟ ನೂಲು" ಎಂದು ಅದಕ್ಕೆ ತನ್ನ ಸೀರೆ ತೋರಿಸಿದಳು. ಹಿಂದೆಯೇ ಛತ್ರದ ಊಟ ಪಾತ್ರೆಗಳಲ್ಲಿ ಬಂತು, ಜೊತೆಗೆ ಹೊಸ ಮದುಮಕ್ಕಳೂ ಬಂದರು. ಹೊತ್ತು ಇಳಿಯುವಷ್ಟರಲ್ಲಿ ಒಂದು ಹುಳವೂ ಕೆಳಗಿರಲಿಲ್ಲ. ಬೆಳೆ ಉಳಿಯಿತು!

ಪಕ್ಕದ ಮನೆಯಾಕೆ ಊರ ತುಂಬ ಸಾರಿದಳು. "ಎಲ್ಲಾರ್ ಫೋನೂ ಸ್ವಿಚ್ ಆಫು, ಸ್ವಿಚ್ ಆಫು ಅಂತು. ಸಿಕ್ಕಿದ್ದು ಯಜಮಾನ್ರದ್ ಒಂದೇಯ!" ಮಾವ ಮೊಬೈಲನ್ನು ಕುರ್ಚಿಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಕಾಂಪೌಂಡಿನ ಮೇಲಿದ್ದ ಮಲ್ಲಿಗೆ ದಂಡೆಯೊಂದನ್ನು ಸುತ್ತಿದ. ಆಮೇಲೆ ಮೀಸೆಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದ.

"ಎಲ್ಲೋ ನಿನ್ ಹೊಸ ಮೊಬೈಲು?"

"ಚಾರ್ಜಿಗೆ ಹಾಕಿವ್ನಿ ಮಾವ."

"ಪಾಪ, ದಣಿದೈತೆ. ಮನೀಕಳ್ಳಿ ಬುಡು."

ಸೋತೆ ಅಂತ ಒಪ್ಪಿಕೊಂಡೆ. ಆದರೂ ಬಾಯಿ ಸುಮ್ಮನಿರಬೇಕಲ್ಲ! "ನಿಜ ಹೇಳು ಮಾವ, ಈ ಹಳೇದ್ರ ಮೇಲೆ ಯಾಕಿಷ್ಟು ಹಟ?" ಅಂದೆ. ಮಾವ ಗದ್ದ ಎತ್ತಿ ಜಗಲಿಯ ಕಡೆ ತೋರಿಸಿದ.

ಅತ್ತೆ ದೀಪ ಹಚ್ಚಿ ಬಂದು, ಕುರ್ಚಿಯ ಮೇಲಿನ ಮೊಬೈಲು ಎತ್ತಿಕೊಂಡು ಜಗಲಿಯಲ್ಲಿ ಕೂತಿದ್ದಳು. ಶಾಲೆಯ ಮುಖ ಕಾಣದವಳು, ಒಂದಂಕಿಯೂ ಓದಲು ಬಾರದವಳು. ಅದರ ನಟ್ಟನಡುವಿನ ಗುಂಡಿಯ ಮೇಲೊಂದು ಸಣ್ಣ ಉಬ್ಬು ಇತ್ತು. ಸೊಪ್ಪು ಕೊಯ್ದು ಕೊಯ್ದು ಒರಟಾದ ಅವಳ ಹೆಬ್ಬೆರಳು ಮೊದಲು ಆ ಉಬ್ಬನ್ನು ಹುಡುಕಿತು. ಅಲ್ಲಿಂದ ಮೇಲೆ, ಅಲ್ಲಿಂದ ಪಕ್ಕಕ್ಕೆ, ಮತ್ತೆ ಕೆಳಗೆ, ತವರೂರಿನ ಬೀದಿಯಲ್ಲಿ ನಡೆದಷ್ಟು ಸಲೀಸಾಗಿ ಓಡಾಡಿತು.

"ಮಾಗಡೀಲಿರೋ ಅವಳ ಅಕ್ಕಂಗೆ. ಪಾಪ, ಎದ್ದು ಓಡಾಡಕಾಗಲ್ಲ ಆವಮ್ಮಂಗೆ," ಮಾವ ಮೆಲ್ಲಗೆ ಹೇಳಿದ. "ಇದನ್ನ ಕಲಿಯಕ್ಕೆ ಒಂದು ಮಳೆಗಾಲ ಹಿಡೀತು ಕಣ್ಲಾ ನಿಮ್ಮತ್ತೆಗೆ. ಯಾರ್ನೂ ಕೇಳ್ದಂಗೆ ತಾನೇ ಮಾಡೋದು ಇದೊಂದೇಯ. ನಿನ್ ಮೊಬೈಲ್ ಮ್ಯಾಲೆ ಅವಳ ಬೆರ್ಳು ಎಲ್ಲಿ ಅಂತ ಹುಡುಕ್ತದೆ, ಹೇಳು?"

ಅತ್ತ ಮಾಗಡಿಯಲ್ಲಿ ಯಾರೋ ಫೋನು ಎತ್ತಿದರು. ಅತ್ತೆ ನೆಟ್ಟಗೆ ಕೂತಳು. ಪ್ರತಿ ಸಂಜೆಯೂ ಹೀಗೇ ಶುರು ಮಾಡುತ್ತಾಳಂತೆ.

"ಅಕ್ಕಾ, ನಾನು ಕಣಕ್ಕ. ನಾನೇ ಮಾಡಿದ್ದು!"