ಸಾಹೇಬರ ಒಂಬತ್ತು ಕುಳಿ

ಎಲ್ಲ ಅನಾಹುತಕ್ಕೂ ಮೂಲ ಆ ಒಂಬತ್ತು ಬುಟ್ಟಿ ಸಗಣಿ.

ಗುಲಬರ್ಗಾದ ದೊಡ್ಡ ಸಾಹೇಬರು ದವಾಖಾನೆಯ ಬಡ ರೋಗಿಗಳ ಊಟಕ್ಕೆಂದು ವರ್ಷಕ್ಕೊಮ್ಮೆ ಗಾಲ್ಫ್ ಪಂದ್ಯ ಆಡಿಸಿ ಚಂದಾ ಎತ್ತುತ್ತಿದ್ದರು. ಈ ಸಲ ಪಂದ್ಯ ಜೇವರ್ಗಿಯ ಬಯಲಿಗೆ ಬಂತು, ಏರ್ಪಾಡಿನ ಹೊಣೆ ಅಲ್ಲಿನ ಕಚೇರಿಯ ಕಾರಕೂನ ಜಗದೇವಪ್ಪನ ತಲೆಗೆ ಬಂತು. ಕೋಲಿನಿಂದ ಚೆಂಡು ಹೊಡೆದು ಕುಳಿಗೆ ಬೀಳಿಸುವ ಆಟ. ಕುಳಿಯ ಸುತ್ತ ನುಣ್ಣನೆಯ ಹುಲ್ಲಿರಬೇಕೆಂದು ಅಪ್ಪಣೆ. ಮಾಘ ಕಳೆದ ಎರೆಭೂಮಿಯಲ್ಲಿ ಹುಲ್ಲೆಲ್ಲಿಂದ ತರುವುದು? ಜಗದೇವಪ್ಪ ಒಂಬತ್ತು ಕುಳಿ ತೋಡಿಸಿ, ಅವುಗಳ ಸುತ್ತ ದುಂಡಗೆ ನೆಲ ಬಡಿಸಿ, ಸಗಣಿ ಸಾರಿಸಿ, ತನ್ನ ಬುದ್ಧಿಗೆ ತಾನೇ ಮೆಚ್ಚಿ ಮಲಗಿದ. ಪಂದ್ಯ ಸುಸೂತ್ರವಾದರೆ ಆಳಂದಕ್ಕೆ ಬದಲಿ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಆಳಂದದಲ್ಲಿ ಹೆಂಡತಿ ಶಿವಕಾಂತಾ ಇದ್ದಳು. ಅವನಿನ್ನೂ ಮುಖವನ್ನೇ ನೋಡದ ಐದು ತಿಂಗಳ ಮಗಳಿದ್ದಳು.

ಬೆಳಿಗ್ಗೆ ಬಂದು ನೋಡಿದರೆ ಒಂಬತ್ತೂ ಕುಳಿಗಳಲ್ಲಿ ಆಳೆತ್ತರದ ಕಂಬ. ಸುತ್ತ ಹರವಿದ ಜೋಳದ ತೆನೆ, ತೆನೆಯ ಮೇಲೆ ತಿರುಗುವ ಎತ್ತುಗಳು.

“ಯವ್ವಾ ಭಾಗಮ್ಮ, ಇದೇನು ಮಾಡಾಕತ್ತೀರಿ?”

ಎತ್ತಿನ ಹಿಂದಿದ್ದ ಮುದುಕಿ ಸೆರಗು ಸರಿಮಾಡಿಕೊಂಡಳು. “ದುಂಡಗ ಸಾರಿಸಿದ ನೆಲ, ನಟ್ಟನಡುವ ಕುಳಿ. ಕಣ ಅಲ್ದ ಮತ್ತೇನ್ರಿ? ಸರಕಾರ ಕಣ ಮಾಡಿಕೊಟ್ಟದಂತ ಊರೆಲ್ಲ ನಿಮ್ಮನ್ನ ಹರಸಾಕತ್ತದ. ಕುಳಿ ಸಣ್ಣದಿತ್ತು. ನಾವೇ ಅಗಲ ಮಾಡಿ ಎತ್ತು ಸುತ್ತಾಕ ಮೇಟಿ ಕಂಬ ನಿಲ್ಸೇವಿ.”

“ಅದು ಸಾಹೇಬರ ಚೆಂಡು ಬೀಳೋ ಕುಳಿ, ನಮ್ಮವ್ವ. ಸಂಜಿಗೆ ಬರ್ತಾರ. ಕೀಳ್ರಿ.”

“ತೆನಿ ಹಾಕಿದ ಕಣದಾಗ ಮೇಟಿ ಕೀಳ್ತಾರೇನ್ರಿ? ಬೇಕಾದ್ರ ಅವರ ಚೆಂಡು ಬಂದು ಮೇಟಿಗೆ ಬಡೀಲಿ.”

ಜನ ಅಂಬಲಿಗೆ ಕೂತಾಗ ಜಗದೇವಪ್ಪ ತಾನೇ ಕೀಳಲು ಹೋದ. ಮೂರನೆಯ ಮೇಟಿಗೆ ಕೈ ಹಾಕುವಷ್ಟರಲ್ಲಿ ಮೊದಲನೆಯದು ಮತ್ತೆ ನಿಂತಿತ್ತು. ಆರನೆಯದರ ಬಳಿ ಎತ್ತು ಅವನ ಧೋತರ ತುಳಿದು ಅರ್ಧವನ್ನು ತನ್ನಲ್ಲೇ ಇಟ್ಟುಕೊಂಡಿತು. ಮಧ್ಯಾಹ್ನ ಗಾಳಿ ಎದ್ದು ತೂರುವ ಕೆಲಸ ಶುರುವಾಯಿತು. ಹೊಟ್ಟೆಲ್ಲ ಅವನ ಮೈಮೇಲೆಯೇ ಬಿತ್ತು.

ನಾಲ್ಕಕ್ಕೆ ಮೋಟಾರು ಬಂತು. ಸಾಹೇಬರು ಟೊಪ್ಪಿಗೆ ತೆಗೆದು ಬೆವರೊರೆಸುತ್ತ ಬಯಲನ್ನೇ ನೋಡುತ್ತ ನಿಂತರು. ಜಗದೇವಪ್ಪನಿಗೆ ಆಳಂದ ಕಾಶಿಯಷ್ಟು ದೂರವಾಯಿತು.

ಅಷ್ಟರಲ್ಲಿ ಭಾಗಮ್ಮ ಮೊರದ ತುಂಬ ಜೋಳ ತಂದು ಆ ಟೊಪ್ಪಿಗೆಗೇ ಸುರಿದಳು. “ರಾಶಿಗೆ ಬಂದವರು ಬರಿಗೈಲೆ ಹೋಗಬಾರದ್ರಿ.”

ಮುಳುಗುತ್ತಿದ್ದವನಿಗೆ ದಡ ಕಂಡಿತು. “ಸಾಹೇಬರು ರೋಗಿಗಳ ಊಟಕ್ಕಂತ ಬಂದಾರ, ಯವ್ವಾ,” ಎಂದ ಜಗದೇವಪ್ಪ.

“ಮುಂಜಾನೀನೇ ಹೇಳಬಾರದೇನ್ರಿ?” ಎಂದು ಭಾಗಮ್ಮ ಎಲ್ಲರನ್ನೂ ಕೂಗಿದಳು. ಕಣಕ್ಕೊಂದರಂತೆ ಒಂಬತ್ತು ಚೀಲ ಜೋಳ ಗಾಡಿ ಏರಿತು.

“ಶಾಬಾಶ್, ಜಗದೇವಪ್ಪ. ಇಷ್ಟು ಯಾವ ವರ್ಷಾನೂ ಬಂದಿದ್ದಿಲ್ಲ,” ಎಂದು ಸಾಹೇಬರು ಕಿಸೆಯಿಂದ ಬದಲಿಯ ಕಾಗದ ತೆಗೆದರು. ಜಗದೇವಪ್ಪ ಎರಡೂ ಕೈ ಚಾಚಿದ. ಸಾಹೇಬರು ಕಾಗದವನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಮತ್ತೆ ಕಿಸೆಗೇ ಇಟ್ಟುಕೊಂಡರು.

“ನಿಮ್ಮಂಥವರನ್ನ ಜೇವರ್ಗಿಯಿಂದ ಬಿಡೋದು ಹ್ಯಾಂಗ? ಇನ್ನ ಮ್ಯಾಲೆ ಪ್ರತಿ ವರ್ಷ ಇಲ್ಲೇ, ನಿಮ್ಮ ಕೈಲೇ.”

ಮೋಟಾರು ಹೋಯಿತು. ಜಗದೇವಪ್ಪ ಕಣದಂಚಿಗೆ ಕುಸಿದು ಕೂತ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅಳುತ್ತಿದ್ದಾನೆಂದು ಭಾಗಮ್ಮ ಬೆನ್ನು ಸವರಿದಳು.

“ಮುಂದಿನ ವರ್ಷ ಕುಳಿ ಇನ್ನೊಂಚೂರು ಆಳ ತೋಡಿಸ್ರಿ, ಕಾರಕೂನ್ರ. ಮೇಟಿ ಅಲ್ಲಾಡ್ತದ.”