ಕ್ಯೂಬಿಟ್ಟಿಗೆ ಮೊದಲ ಆರತಿ

ಹೊಟ್ಟೆಕಿಚ್ಚುಪಡಲಿಕ್ಕೂ ಒಂದು ಅದೃಷ್ಟ ಬೇಕು. ನನ್ನ ಗೆಳೆಯರು ನೆರೆಮನೆಯವರ ಕಾರು, ಷಡ್ಡಕನ ಬಡ್ತಿ ಕಂಡು ಕರುಬುತ್ತಾರೆ. ಹೇಳಿಕೊಂಡರೆ ನಾಲ್ಕು ಜನ ಸಮಾಧಾನವನ್ನಾದರೂ ಹೇಳುತ್ತಾರೆ. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಕರುಬುತ್ತಿರುವುದು ಒಂದು ಕ್ಯೂಬಿಟ್ಟನ್ನು ಕಂಡು. ಕಂಡು ಎನ್ನುವುದೂ ಸುಳ್ಳು, ಅದು ಕಣ್ಣಿಗೇ ಕಾಣುವುದಿಲ್ಲ.

ನನ್ನ ಹೆಂಡತಿ ಸುಧಾ ಪುಣೆಯ ಒಂದು ಪ್ರಯೋಗಾಲಯದಲ್ಲಿ ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್ಟುಗಳನ್ನು ತಂಪು ಮಾಡುತ್ತಾಳೆ. ತುಸು ಬಿಸಿ ತಾಗಿದರೂ ಈ ಚೂರು ಸರ್ಕ್ಯೂಟಿಗೆ ಮಾಡುತ್ತಿದ್ದ ಲೆಕ್ಕ ಮರೆತುಹೋಗುತ್ತದಂತೆ. ಹೀಗಾಗಿ ಅದನ್ನು ಬಾಹ್ಯಾಕಾಶಕ್ಕಿಂತ ತಣ್ಣಗಿನ ಪೀಪಾಯಿಯೊಳಗೆ ಇಳಿಬಿಟ್ಟು, ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಅದರ ಉಷ್ಣಾಂಶ ನೋಡುತ್ತಾಳೆ. ನನಗೆ ನೂರೊಂದು ಡಿಗ್ರಿ ಜ್ವರ ಬಂದಾಗ, ಒಂದು ಗುಳಿಗಿ ತಗೊಂಡು ಮಲ್ಕೋರಿ ಅಂದವಳು, ಅದಕ್ಕೆ ಡಿಗ್ರಿಯ ಸಾವಿರದಲ್ಲೊಂದು ಪಾಲು ಏರಿದರೆ ರಿಕ್ಷಾ ಹಿಡಿದು ಓಡುತ್ತಾಳೆ.

ಅದನ್ನೂ ನುಂಗಿಕೊಂಡಿದ್ದೆ. ಆದರೆ ಈ ಸಲ ಖಂಡೇನವಮಿ, ಅಂದರೆ ಆಯುಧಪೂಜೆ, ಬಂತು. ಮದುವೆಯಾದಾಗಿನಿಂದ ಆ ದಿನದ ಮೊದಲ ಆರತಿ ನನ್ನ ಸ್ಕೂಟರಿಗೆ, ಅದರ ಮೇಲೆ ಕೂತ ನನಗೂ ಸೇರಿಸಿ. ಈ ವರ್ಷ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಚೆಂಡುಹೂವಿನ ಹಾರವೂ ಇಲ್ಲ, ಸುಧಾನೂ ಇಲ್ಲ. ಪೂಜೆಯಾಗದ ಸ್ಕೂಟರು ಧನಕವಡಿಯ ಇಳಿಜಾರಿನಲ್ಲಿ ಏನು ಮಾಡೀತೋ ಎಂದು ಬ್ರೇಕು ಒತ್ತಿಕೊಂಡೇ ಅವಳ ಲ್ಯಾಬಿಗೆ ಹೋದೆ.

ಪೀಪಾಯಿಯ ಕೊರಳಿಗೆ ನಮ್ಮ ಮನೆಯ ಹಾರ. ಅಲ್ಲಿ ಬೆಂಕಿ ಹಚ್ಚುವಂತಿಲ್ಲ. ಸುಧಾ ಮೊಬೈಲಿನ ಟಾರ್ಚನ್ನು ತಾಟಿನಲ್ಲಿಟ್ಟು ಆರತಿ ಬೆಳಗುತ್ತಿದ್ದಳು. ಅವಳ ಸಹೋದ್ಯೋಗಿಗಳು ಮರಾಠಿಯಲ್ಲಿ ಬರಮಾಡಿಕೊಂಡು ಪೇಢೆ ಕೊಟ್ಟರು. ಅದನ್ನು ಕೈಯಲ್ಲೇ ಹಿಡಿದು, ಇವನನ್ನು ಇಷ್ಟು ತಂಪಾಗಿ ಹೇಗೆ ಇಡುತ್ತೀ ಎಂದು ಸುಧಾಳನ್ನು ಕೇಳಿದೆ. ವೈರಿಯ ಗುಟ್ಟು ತಿಳಿದಿರಲಿ ಎಂದು.

ಪೀಪಾಯಿ ಎಷ್ಟು ತಣ್ಣಗಿದ್ದರೂ ಕ್ಯೂಬಿಟ್ಟಿನಲ್ಲಿ ಚೂರು ಬಿಸಿ ಉಳಿಯುತ್ತದಂತೆ. ಅದನ್ನು ಪಕ್ಕದ ಕ್ಯೂಬಿಟ್ಟಿಗೆ ದಾಟಿಸಿದರೆ ಇದು ಶುದ್ಧ. ಪಕ್ಕದ್ದು ಆ ಬಿಸಿಯನ್ನು ಹೊರಗೆ ಚೆಲ್ಲಿ ಮತ್ತೆ ಸೇವೆಗೆ ನಿಲ್ಲುತ್ತದೆ. ಇನ್ನೊಬ್ಬರ ಬಿಸಿ ಹೊರುವ ಆ ಬಡಪಾಯಿ ಥೇಟ್ ನನ್ನ ಹಾಗೇ ಅಲ್ಲವೇ ಎಂದೆ.

"ನಿಮ್ಮ ಹಂಗ ಹೆಂಗ್ರೀ? ಅದು ತಗೊಂಡಿದ್ದು ಬಿಟ್ಟುಬಿಡ್ತದ. ನೀವು ಮುಂಜಾನಿಂದ ಹಿಡಕೊಂಡೇ ನಿಂತೀರಿ."

ಸುತ್ತಲಿದ್ದವರಿಗೆ ಕನ್ನಡ ಬರುವುದಿಲ್ಲ, ದೇವರು ದೊಡ್ಡವನು. ಅವಳು ನಕ್ಕು, ಅದೇ ತಾಟನ್ನು ನನ್ನ ಮುಖಕ್ಕೂ ಬೆಳಗಿದಳು. ಕಣ್ಣು ಕುಕ್ಕಿ ನೀರು ಬಂತು, ಟಾರ್ಚಿನಿಂದಲೇ ಇರಬೇಕು. ಇನ್ನು ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲವೆಂದು ನಿರ್ಧರಿಸಿ, ಪೇಢೆ ತಿಂದು, ಹಗುರಾಗಿ ಸ್ಕೂಟರು ಹತ್ತಿದೆ.

ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಹೊಳೆಯಿತು: ಅದಕ್ಕೆ ಐದು ಸುತ್ತು ಬೆಳಗಿದ್ದಳು, ನನಗೆ ಮೂರೇ.