ಕಮಾನು ಇಳಿಯುವವರೆಗೆ

ಆರಿನ್ ಪೆಲ್ಕಿಯ ಗ್ರಹಚಾರ ಕೆಟ್ಟದ್ದು ಒಂದು ಚಪ್ಪಾಳೆಯಿಂದ.

ಬೆಳಿಗ್ಗೆ ಚರ್ಚಿನ ಸಭಾಂಗಣದಲ್ಲಿ ಅಭ್ಯಾಸ ನಡೆದಿತ್ತು. ನುಡಿಸುತ್ತಿದ್ದದ್ದು ಲೋವೆಲ್ ಹ್ಯಾಡ್ವೆನ್ ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿ. ಅಮೆರಿಕದ ವರ್ಮಾಂಟಿನ ಈ ಬೆಟ್ಟದೂರಿನಲ್ಲೇ ಬದುಕಿ, ಸತ್ತು, ಊರವರಿಗೇ ಮರೆತುಹೋದವನು ಹ್ಯಾಡ್ವೆನ್. ವರ್ಷಗಟ್ಟಲೆ ಹುಡುಕಿ ಅವನ ಸಂಗೀತಕ್ಕೆ ಮತ್ತೆ ಉಸಿರು ಕೊಟ್ಟವನು ವಯೊಲಾ ನುಡಿಸುವ ಆರಿನ್. ಸಂಜೆಯ ಸಂಗೀತ ಕಛೇರಿಗೆ ಬಾಸ್ಟನ್ನಿನಿಂದ ರೆಕಾರ್ಡ್ ಕಂಪನಿಯ ಯಜಮಾನ ಬರುವವನಿದ್ದ. ಅವನು ಮೆಚ್ಚಿದರೆ ಹ್ಯಾಡ್ವೆನ್ ಉಳಿದ. ಇಲ್ಲದಿದ್ದರೆ ಎರಡನೇ ಸಲ ಸತ್ತ.

ಮೊದಲ ಭಾಗ ಮುಗಿದದ್ದೇ, ಕಛೇರಿಯ ನಂತರದ ಊಟಕ್ಕೆಂದು ಮೇಜು ಒರೆಸುತ್ತಿದ್ದ ಡಾರ್ಕಸ್ ತೀಬೋ ಪಟಪಟನೆ ಚಪ್ಪಾಳೆ ತಟ್ಟಿದಳು.

"ಅಯ್ಯೋ ಡಾರ್ಕಸ್! ಇನ್ನೂ ಎರಡು ಭಾಗ ಇದೆ. ನಡುವೆ ತಟ್ಟಬಾರದು!" ಆರಿನ್ ಹೌಹಾರಿದ.

"ಚೆನ್ನಾಗಿತ್ತಪ್ಪ, ತಟ್ಟಿದೆ. ಅದೂ ತಪ್ಪಾ?"

"ಬಾಸ್ಟನ್ನವರ ಮುಂದೆ ಮಾನ ಹೋಗುತ್ತೆ. ನಮ್ಮ ಕಮಾನು ತೊಡೆ ಮೇಲೆ ಇಳಿಯೋವರೆಗೂ ಎಲ್ಲರೂ ಸುಮ್ಮನಿರಬೇಕು."

ಡಾರ್ಕಸ್‌ಗೆ ಹೇಳಿದರೆ ಊರಿಗೇ ಡಂಗುರ ಸಾರಿದಂತೆ. ಮಧ್ಯಾಹ್ನ ಕಾಫಿಗೆ ಹೋದ ಆರಿನ್‌ನನ್ನು ಹಾರ್ಡ್‌ವೇರ್ ಅಂಗಡಿಯ ಮರ್ಲ್ ಅಡ್ಡಗಟ್ಟಿದ.

"ಏನಯ್ಯಾ, ತಟ್ಟಿದೋರಿಗೆ ಊಟ ಇಲ್ವಂತೆ?"

"ಯಾರು ಹೇಳಿದ್ದು?"

"ಎಲ್ರೂ! ಕೆಮ್ಮು ಬಂದ್ರೆ ಏನ್ಮಾಡೋದು?"

"ನುಂಗ್ಕೋ ಮಾರಾಯ!"

ಅಗ್ನಿಶಾಮಕ ದಳದ ಜೆರಾರ್ಡ್ ಬಂದು ಭುಜ ತಟ್ಟಿದ. "ನೀನು ಚಿಂತೆ ಬಿಡು. ಬಾಗಿಲಲ್ಲಿ ನಾನೇ ನಿಂತಿರ್ತೀನಿ. ಯಾರಾದ್ರೂ ಕೈ ಎತ್ತಲಿ, ನೋಡ್ಕೋತೀನಿ."

ಸಂಜೆ ಹಿಮ ಬೀಳುತ್ತಿತ್ತು. ಮೊದಲ ಭಾಗ ಮುಗಿಯಿತು, ಎರಡನೆಯದೂ ಮುಗಿಯಿತು. ಯಾರೂ ಮಿಸುಕಲಿಲ್ಲ. ಮೂರನೆಯದರ ಕೊನೆಗೆ ವಯೊಲಾದ ಒಂದೇ ಸ್ವರ, ಕಿಟಕಿಯ ಗಾಜಿನ ಮೇಲಿನ ಉಸಿರಿನಂತೆ, ಇದೆಯೋ ಇಲ್ಲವೋ ಎನ್ನುವಂತೆ ಆರಿತು. ನಾಲ್ವರೂ ಕಮಾನುಗಳನ್ನು ಗಾಳಿಯಲ್ಲೇ ಹಿಡಿದರು. ಚಪ್ಪಾಳೆ ಶುರುವಾಗುವವರೆಗೆ ಇಳಿಸದಿರುವುದು ವಾದಕರ ರೂಢಿ. ಜನ ಕಮಾನು ಇಳಿಯಲಿ ಎಂದು ಕಾದರು. ಕಮಾನು ಚಪ್ಪಾಳೆ ಬರಲಿ ಎಂದು ಕಾಯಿತು.

ಡಾರ್ಕಸ್ ಅಂಗೈಗಳ ಮೇಲೇ ಕುಳಿತಿದ್ದಳು. ಮರ್ಲ್ ಕೆಮ್ಮು ನುಂಗಿ ಬೀಟ್‌ರೂಟಿನಂತೆ ಕೆಂಪಾಗಿದ್ದ. ದೀಪಗಳು, ಮುಖಗಳು, ಹೊರಗಿನ ಹಿಮ, ಎಲ್ಲವೂ ನೀರಿನಡಿಯಲ್ಲಿ ತೇಲುತ್ತಿರುವಂತೆ ಕಂಡಿತು ಆರಿನ್‌ಗೆ. ಅಷ್ಟರಲ್ಲಿ ಮಾಡಿನಿಂದ ಹಿಮದ ಗುಡ್ಡೆ ಜಾರಿ ಧೊಪ್ಪನೆ ಬಿತ್ತು. ಬೆಚ್ಚಿದ ನಾಲ್ವರ ಕಮಾನುಗಳೂ ತೊಡೆಗಿಳಿದವು. ಇಡೀ ಸಭಾಂಗಣ ಚಪ್ಪಾಳೆಯಿಂದ ಅದುರಿಹೋಯಿತು.

ಬಾಸ್ಟನ್ನಿನವನು ಕಣ್ಣೊರೆಸಿಕೊಳ್ಳುತ್ತ ಓಡಿಬಂದು ಆರಿನ್‌ನ ಕೈ ಹಿಡಿದ.

"ಮೊದಲ ಮೂರು ಭಾಗ ಬಿಡಿ ಸರ್, ಅಂಥದ್ದು ನಮ್ಮಲ್ಲಿ ರಾಶಿ ಬಿದ್ದಿದೆ. ಆದರೆ ಆ ನಾಲ್ಕನೇದು! ಅದೊಂದನ್ನೇ ರೆಕಾರ್ಡ್ ಮಾಡೋಣ."

"ನಾಲ್ಕನೇದಾ?"

"ಅದೇ ಸರ್, ನೀವ್ಯಾರೂ ಏನೂ ನುಡಿಸಲಿಲ್ಲವಲ್ಲ, ಅದು. ಕೊನೆಯ ಆ 'ಧೊಪ್' ಮಾತ್ರ ದಯವಿಟ್ಟು ಬದಲಾಯಿಸಬೇಡಿ."